ಸ್ವಲ್ಪ ಸರಿದು ನಿಂತ್ಕೋ

ಪಕ್ಕದ ಸೀಟಿನ ಅಂಚಿನ ರೆಕ್ಸಿನ್ ಹರಿದು ಒಳಗಿನ ಸ್ಪಂಜು ಇಣುಕುತ್ತಿದೆ, ಯಾರೋ ಕೂತು ಕೂತು ಬೇಸರಕ್ಕೆ ಚೂರುಚೂರೇ ಕಿತ್ತಿದ್ದಾರೆ, ದಪ್ಪ ಸೂಜಿ, ಮೇಣ ಹಚ್ಚಿದ ದಾರ ಇದ್ದರೆ ಆರು ಹೊಲಿಗೆಯ ಕೆಲಸ, ಅವಳ ಬೆರಳು ತನ್ನಷ್ಟಕ್ಕೆ ಆ ಹರಿದ ಅಂಚುಗಳನ್ನು ಜೋಡಿಸಿ ನೋಡುತ್ತದೆ, ಬಿಡುತ್ತದೆ, ಮತ್ತೆ ಜೋಡಿಸುತ್ತದೆ — ಇಪ್ಪತ್ತೆರಡು ವರ್ಷ ಪುಸ್ತಕ ಬೈಂಡಿಂಗ್ ಮಾಡಿದ ಬೆರಳು, ಹರಿದದ್ದು ಕಂಡರೆ ಸುಮ್ಮನಿರಲಾರದು, ಉಗುರಿನ ಸಂದಿಯಲ್ಲಿ ಗೋಂದು ಒಣಗಿ ಬಿಳಿಯ ಗೆರೆಯಾಗಿ ಕೂತಿದೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ, ಅದಕ್ಕೇ ಬೈಂಡಿಂಗ್ ಶೆಡ್ಡಿನಲ್ಲಿ ಎಲ್ಲರ ಬಾಯಲ್ಲೂ ಅವಳು ಗೋಂದಕ್ಕ. ಏಳು ಐವತ್ತರ ಬಸ್ಸು, ಕಾಲಿಡಲು ಜಾಗವಿಲ್ಲ, ಯಾರದೋ ಒದ್ದೆ ಕೂದಲಿನ ಸೋಪಿನ ವಾಸನೆ, ಯಾರದೋ ಊಟದ ಡಬ್ಬಿಯ ಮೂಲೆ ಪಕ್ಕೆಗೆ ಚುಚ್ಚುತ್ತದೆ, ಮುಂದೆ ಬನ್ನಿ ಮುಂದೆ ಬನ್ನಿ ಅಂತ ಕಂಡಕ್ಟರು ಕೂಗುತ್ತಾನೆ, ಅವಳು ಈಗಾಗಲೇ ಮುಂದೆಯೇ ಇದ್ದಾಳೆ, ಡ್ರೈವರ್ ಹಿಂದಿನ ಅಡ್ಡಗಂಬಿಗೆ ಬೆನ್ನು ಕೊಟ್ಟು, ಮುಖ ಜನರ ಕಡೆಗೆ ಮಾಡಿ. ಐದು ವಾರದಿಂದ ಹೀಗೇ ನಿಲ್ಲುತ್ತಾಳೆ. ಅದಕ್ಕೆ ಮೊದಲು ಇಪ್ಪತ್ತೆರಡು ವರ್ಷ ಹಿಂಬಾಗಿಲಿನ ಪಕ್ಕದ ಮೂಲೆಯೇ ಅವಳದು, ಇಳಿಯುವುದು ಸುಲಭ, ಇಳಿದವಳೇ ಓಡಿದರೆ ಎಂಟೂವರೆಯೊಳಗೆ ಗೇಟಿನ ಯಂತ್ರಕ್ಕೆ ಹೆಬ್ಬೆಟ್ಟು ಒತ್ತಬಹುದು, ಎಂಟು ಮೂವತ್ತೊಂದಾದರೆ ಯಂತ್ರ ಕೆಂಪಗೆ ಮಿನುಗಿ ಅರ್ಧ ದಿನ ಗೈರು ಅನ್ನುತ್ತದೆ, ಆ ಯಂತ್ರಕ್ಕೇನು ಗೊತ್ತು ಸಿಗ್ನಲ್ಲು, ಟ್ರಾಫಿಕ್ಕು — ಅದಕ್ಕೇನು ಗೊತ್ತು.

ಅವತ್ತು ಬಸ್ಸಿನಲ್ಲಿದ್ದವನು ಹೇಗಿದ್ದ ಅಂತ ಕೇಳಿದ್ದಳು ಮಗಳನ್ನು, ಒಂದೇ ಸಲ, ಬಾತ್‌ರೂಮಿನ ಬಾಗಿಲ ಹೊರಗೆ ನಿಂತು. ಒಳಗಿನಿಂದ ನೀರಿನ ಸದ್ದು, ಆಮೇಲೆ ಮಗಳ ದನಿ, ಎಲ್ಲರ ಥರಾನೇ ಇದ್ದ ಅಮ್ಮ, ಕನ್ನಡಕ ಹಾಕಿದ್ದ, ಕೈಯಲ್ಲಿ ಡಬ್ಬಿ ಚೀಲ ಇತ್ತು, ಶರ್ಟು ಇಸ್ತ್ರಿ ಮಾಡಿತ್ತು. ಅಷ್ಟೇ. ಈಗ ಈ ಬಸ್ಸಿನಲ್ಲಿ ಕಣ್ಣಾಡಿಸಿದರೆ ಕನ್ನಡಕ ಹಾಕಿ ಡಬ್ಬಿಚೀಲ ಹಿಡಿದವರು ಹತ್ತು ಜನ, ಒಬ್ಬ ಆಕಳಿಸುತ್ತಿದ್ದಾನೆ, ಒಬ್ಬ ಫೋನಿನಲ್ಲಿ ಮಗುವಿನ ಫೋಟೋ ನೋಡುತ್ತ ತನ್ನಷ್ಟಕ್ಕೆ ನಗುತ್ತಿದ್ದಾನೆ, ಪಾಪ ಅನ್ನಿಸಬೇಕು, ಅನ್ನಿಸುವುದಿಲ್ಲ, ಪ್ರತಿಯೊಬ್ಬನ ಕೈ ಎಲ್ಲಿದೆ ಅಂತ ಮೊದಲು ನೋಡುತ್ತಾಳೆ, ಮುಖ ಆಮೇಲೆ. ಮಗಳಿಗೆ ಹೈಸ್ಕೂಲಿನಲ್ಲೇ ಬಸ್ಸು ಹತ್ತುವುದನ್ನು ಕಲಿಸಿಕೊಟ್ಟವಳು ಇವಳೇ, ಚೀಲ ಬೆನ್ನಿಗಲ್ಲ, ಎದೆಗೆ ಹಾಕ್ಕೋ, ಬಾಗಿಲ ಹತ್ರ ನಿಲ್ಬೇಡ, ಕಿಟಕಿ ಸೀಟು ಸಿಕ್ರೂ ಕೂರ್ಬೇಡ, ಆಚೆ ಬರೋಕಾಗಲ್ಲ, ಯಾರಾದ್ರೂ ತೀರಾ ಹತ್ರ ಬಂದ್ರೆ ಸ್ವಲ್ಪ ಸರಿದು ನಿಂತ್ಕೋ, ಮತ್ತೂ ಬಂದ್ರೆ ಇನ್ನೊಂದು ಸ್ವಲ್ಪ, ಕೂಗಾಡ್ಬೇಡ, ಕೂಗಿದ್ರೆ ಎಲ್ರೂ ಅವನನ್ನ ನೋಡಲ್ಲ, ನಿನ್ನ ನೋಡ್ತಾರೆ. ಮಗಳು ಸೊಂಟದ ಮೇಲೆ ಕೈಯಿಟ್ಟು ಮೇಷ್ಟರ ಹಾಗೆ ಗಂಟಲು ಸರಿಮಾಡಿಕೊಂಡು, ಇಲ್ಲಿಗೆ ಅಮ್ಮನ ಬಸ್‌ಶಾಸ್ತ್ರದ ಮೊದಲ ಅಧ್ಯಾಯ ಮುಗಿಯಿತು, ಮಕ್ಕಳೇ, ಯಾರಿಗಾದರೂ ಸಂಶಯ ಇದೆಯೇ — ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದರು, ಮನೆಯಲ್ಲಿ ಇರುವುದೇ ಇಬ್ಬರು, ಅವರಪ್ಪ ತೀರಿಕೊಂಡು ಹನ್ನೊಂದು ವರ್ಷ, ನಗುವುದಾದರೂ ಅಳುವುದಾದರೂ ಇಬ್ಬರೇ. ಆ ಶಾಸ್ತ್ರ ಇವಳದ್ದೇನಲ್ಲ, ಇವಳಿಗೆ ಇವಳ ಅಮ್ಮ ಹೇಳಿಕೊಟ್ಟಿದ್ದು, ಅಮ್ಮನಿಗೆ ಯಾರು ಹೇಳಿಕೊಟ್ಟಿದ್ದರೋ, ಆಗ ಬಸ್ಸುಗಳಾದರೂ ಎಷ್ಟಿದ್ದವು, ಹದಿನಾರರಲ್ಲಿ ಒಮ್ಮೆ ಇವಳು ಬಸ್ಸಿಳಿದು ಮನೆಗೆ ಬಂದು ಮೂಲೆಯಲ್ಲಿ ಕೂತಿದ್ದಾಗ ಅಮ್ಮ ಏನಾಯಿತು ಅಂತ ಕೇಳಲೇ ಇಲ್ಲ, ಮುಖ ನೋಡಿದಳು, ಒಂದು ಲೋಟ ನೀರು ತಂದುಕೊಟ್ಟಳು, ನಾಳೆಯಿಂದ ಬಸ್ಸಲ್ಲಿ ಮುಂದ್ಗಡೆ ನಿಂತ್ಕೋ ಅಂದಳು, ಅಷ್ಟೇ, ಮುಗಿಯಿತು. ಆ ನೀರು ಕುಡಿದ ಮೇಲೆ ಅದರ ಬಗ್ಗೆ ಮಾತೇ ಇಲ್ಲ. ಆ ನೀರು ಇನ್ನೂ ಗಂಟಲಿನಲ್ಲಿದೆಯೇನೋ ಅನ್ನಿಸುತ್ತದೆ ಈಚೀಚೆಗೆ.

ಬಸ್ಸು ತಿರುವಿನಲ್ಲಿ ವಾಲುತ್ತದೆ, ಜನರೆಲ್ಲ ಒಂದೇ ಮೈಯಾಗಿ ವಾಲುತ್ತಾರೆ, ಅಜ್ಜಿಯೊಬ್ಬಳು ಅಯ್ಯೋ ದೇವರೇ ಅನ್ನುತ್ತಾಳೆ, ಇದೇ ತಿರುವು, ಇದಾದ ಮೇಲೆ ಸೇತುವೆ, ಅವತ್ತು ಬುಧವಾರ ಬಸ್ಸು ನಿಂತಿದ್ದು ಸೇತುವೆ ಹತ್ತುವುದಕ್ಕೆ ಮುಂಚೆ, ಇವಳು ಹಿಂದಿನ ಮೂಲೆಯಲ್ಲಿದ್ದಳು, ಆ ತಿಂಗಳು ಆಗಲೇ ಎರಡು ಸಲ ಯಂತ್ರ ಕೆಂಪಾಗಿತ್ತು, ಮೂರನೇ ಸಲ ಆದ್ರೆ ನನ್ನ ಕೇಳ್ಬೇಡ ಗೋಂದಕ್ಕ, ನನ್ನ ಕೈಲಿಲ್ಲ ಅಂದಿದ್ದ ಮೇಸ್ತ್ರಿ, ಗಡಿಯಾರ ನೋಡುತ್ತಿದ್ದಳು, ಎಂಟು ಹದಿಮೂರು, ಎಂಟು ಹದಿನಾಲ್ಕು, ಆಗ ಮುಂದಿನಿಂದ ಒಂದು ಕೂಗು, ಕೈ ತೆಗೀರಿ! ಕೈ ತೆಗೀರಿ ಅಂದೆ! — ಹೆಣ್ಣು ದನಿ, ಚೂಪಾದ ದನಿ, ಒಡೆದ ದನಿ, ಯಾರೋ ಕಿಸಕ್ಕನೆ ನಕ್ಕರು, ಅಬ್ಬಾ ಮರ್ಯಾದೆ ನೋಡ್ರಯ್ಯ, ತೆಗೀರಿ ಅಂತೆ. ಇವಳಿಗೂ ನಗು ಬಂದಿತ್ತು. ಬಂದಿತ್ತು, ಅದನ್ನು ಮುಚ್ಚಿಟ್ಟುಕೊಳ್ಳಲಾಗದು, ತುಟಿಯ ತುದಿಗೆ ಬಂದಿತ್ತು. ಅಂಥವನಿಗೂ ಬಹುವಚನ. ದೊಡ್ಡವರಿಗೆ ಬಾ ಹೋಗು ಅನ್ನಬಾರದು, ಬನ್ನಿ ಹೋಗಿ ಅನ್ನಬೇಕು ಅಂತ ಮೂರು ವರ್ಷದ ಕೂಸಿಗೆ ಇವಳೇ ತೊಡೆಯ ಮೇಲೆ ಕೂರಿಸಿಕೊಂಡು ತಿದ್ದಿದ್ದು, ಹಾಲಿನವ ಬಂದ ಅಲ್ಲ ಪುಟ್ಟಿ, ಹಾಲಿನವರು ಬಂದ್ರು — ಅದು ಆಗ ನೆನಪಾಗಲಿಲ್ಲ, ಯಾಕೆ ನೆನಪಾಗುತ್ತದೆ, ಮಗಳು ಆರೂ ಮುಕ್ಕಾಲರ ಬಸ್ಸಿಗೆ ಹೋಗುವವಳು, ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ತರಬೇತಿ, ಏಳೂವರೆಗೆ ಅಲ್ಲಿರಬೇಕು, ಅವತ್ತು ಮಾತ್ರ ಪಾಳಿ ಬದಲಾಗಿತ್ತು, ಇವಳು ಮನೆ ಬಿಡುವಾಗ ಅವಳು ಮುಸುಕು ಹೊದ್ದು ಮಲಗಿದ್ದಳು, ಒಂಬತ್ತಕ್ಕೆ ಅಮ್ಮ ಇವತ್ತು, ಆಮೇಲೆ ಹೋಗ್ತೀನಿ ಅಂತ ಮುಸುಕಿನೊಳಗಿಂದಲೇ ಹೇಳಿದ್ದಳು, ಆಮೇಲೆ ಎಂದರೆ ಇವಳ ಬೆನ್ನಿಗೇ ಓಡಿಬಂದು ಅದೇ ಬಸ್ಸಿನ ಮುಂಬಾಗಿಲಿಗೆ ಹತ್ತುತ್ತಾಳೆ ಅಂತ ಯಾರಿಗೆ ಗೊತ್ತು. ದನಿಯಾದರೂ ಗುರುತು ಸಿಗಬಾರದಿತ್ತೇ. ಹೆತ್ತವಳಿಗೆ. ಹತ್ತೊಂಬತ್ತು ವರ್ಷ ದಿನಾ ಕೇಳಿದ ದನಿ, ಕೆಮ್ಮಿದರೆ ಗೊತ್ತಾಗುತ್ತದೆ, ಮೆಟ್ಟಿಲು ಹತ್ತುವ ಸದ್ದಿನಲ್ಲೇ ಸುಸ್ತಾಗಿದ್ದಾಳೋ ಸಿಟ್ಟಾಗಿದ್ದಾಳೋ ಗೊತ್ತಾಗುತ್ತದೆ, ಆದರೆ ಆ ದನಿ ಕೂಗಿದ್ದನ್ನು ಇವಳು ಯಾವತ್ತೂ ಕೇಳಿರಲಿಲ್ಲ, ಮೆಲ್ಲಗೆ ಮಾತಾಡು, ಮೆಲ್ಲಗೆ, ಪಕ್ಕದ ಮನೆಗೆ ಕೇಳಿಸುತ್ತೆ ಅಂತ ಬೆಳೆಸಿದ ಮಗಳು, ಕೂಗಿದರೆ ಹೇಗಿರುತ್ತಾಳೆ ಅಂತ ತಾಯಿಗೇ ಗೊತ್ತಿರಲಿಲ್ಲ.

ಕಂಡಕ್ಟರು ಏನಾಯ್ತು ಏನಾಯ್ತು ಅಂತ ನುಗ್ಗಿಕೊಂಡು ಮುಂದೆ ಹೋದ, ಡ್ರೈವರು ಇಂಜಿನ್ ಆರಿಸಿದ, ಎಂಟು ಹದಿನೇಳು, ಗಂಡಸಿನ ದನಿ, ನಾನೇನು ಮಾಡ್ದೆ ರೀ, ರಶ್ಶಲ್ಲಿ ತಾಗುತ್ತೆ, ಅಷ್ಟು ನಾಜೂಕಾದ್ರೆ ಆಟೋದಲ್ಲಿ ಹೋಗ್ಲಿ, ಎಂಟು ಹದಿನೆಂಟು, ಹಿಂದೆ ಲಾರಿಯವ ಹಾರ್ನ್ ಒತ್ತಿಹಿಡಿದ, ಪೊಲೀಸ್ ಸ್ಟೇಷನ್‌ಗೆ ತಗೊಂಡ್ಹೋಗಿ ಅಂತು ಆ ಹುಡುಗಿ ದನಿ, ಅಯ್ಯೋ ಸ್ಟೇಷನ್ನಾ ಅಂತ ಹತ್ತಾರು ಬಾಯಿ, ನಮ್ದೆಲ್ಲ ಕೆಲ್ಸ ಏನಾಗ್ಬೇಕು, ಎಂಟು ಹತ್ತೊಂಬತ್ತು, ಆಗ ಇವಳು — ಆಗ ಇವಳು ಬಾಯಿ ತೆರೆದಳು. ಬೇರೆ ಯಾರೂ ಅಲ್ಲ. ನಲವತ್ತು ಜನರ ತಲೆಯ ಮೇಲಿಂದ, ಶೆಡ್ಡಿನ ಕತ್ತರಿಸುವ ಯಂತ್ರದ ಸದ್ದಿನ ಮೇಲೆ ಮಾತಾಡಿ ರೂಢಿಯಾದ ಗಟ್ಟಿ ಗಂಟಲಿನಲ್ಲಿ, ಏನಮ್ಮಾ, ಸ್ವಲ್ಪ ಸರಿದು ನಿಂತ್ಕೋಬಾರ್ದಾ, ಒಬ್ಳಿಗೋಸ್ಕರ ಎಲ್ರಿಗೂ ಟೈಮಾಗ್ತಿದೆ! ಸರಿಯಾಗಿ ಹೇಳಿದ್ರಿ ನೋಡಿ ಅಂದ ಪಕ್ಕದವನು. ಹೆಂಗಸರೇ ಹೇಳ್ಬೇಕು ಇಂಥದ್ದನ್ನ ಅಂದ ಇನ್ನೊಬ್ಬ. ಮುಂದಿನ ದನಿ ನಿಂತುಹೋಯಿತು. ಹಾಡುತ್ತಿದ್ದ ರೇಡಿಯೋದ ತಂತಿ ಎಳೆದ ಹಾಗೆ, ಪಟ್ಟನೆ, ಅರ್ಧ ಮಾತಿನಲ್ಲಿ. ಇಳೀತೀಯೋ ಸುಮ್ನೆ ನಿಲ್ತೀಯೋ ಅಂದ ಕಂಡಕ್ಟರು, ಮುಂಬಾಗಿಲು ತೆರೆದುಕೊಂಡಿತು, ಮುಚ್ಚಿಕೊಂಡಿತು, ಬಸ್ಸು ಹೊರಟಿತು. ಸದ್ಯ, ಅನ್ನಿಸಿತ್ತು ಇವಳಿಗೆ. ಓಡಿ ಹೋಗಿ ಹೆಬ್ಬೆಟ್ಟು ಒತ್ತಿದಾಗ ಎಂಟು ಇಪ್ಪತ್ತೊಂಬತ್ತು, ಯಂತ್ರ ಹಸಿರಾಯಿತು, ಮೇಸ್ತ್ರಿ ಶಹಬ್ಬಾಸ್ ಅಂದ. ಇಡೀ ದಿನ ಮಕ್ಕಳ ವ್ಯಾಕರಣದ ಪುಸ್ತಕ, ಹಾಳೆ ಮಡಚು, ಮಡಿಕೆಯನ್ನು ಮರದ ಪಟ್ಟಿಯಿಂದ ಒತ್ತು, ಜೋಡಿಸು, ಹೊಲಿ, ಬೆನ್ನಿಗೆ ಗೋಂದು ಬಳಿ, ಮನಸ್ಸು ಹಗುರವಾಗಿತ್ತು, ಮಧ್ಯಾಹ್ನ ಊಟಕ್ಕೆ ಕೂತಾಗ ಹಾಳೆ ಎಣಿಸುವ ಹೆಂಗಸರ ಜತೆ ಏನೋ ಹಾಸ್ಯ ಮಾಡಿ ನಕ್ಕಿದ್ದು ಕೂಡ ನೆನಪಿದೆ. ಆ ಹೊತ್ತಿನಲ್ಲಿ ಮಗಳು ಎಲ್ಲಿದ್ದಳು, ಸೇತುವೆಯ ಬುಡದಿಂದ ಮನೆಗೆ ಎರಡು ಗಂಟೆ ದಾರಿ, ನಡೆದುಕೊಂಡೇ ಬಂದಿದ್ದಳಂತೆ, ಇನ್ನೊಂದು ಬಸ್ಸು ಹತ್ತಲು ಆಗಲಿಲ್ಲವಂತೆ.

ಅದನ್ನು ಮೊದಲು ಹೇಳಿದವಳು ಮಗಳಲ್ಲ, ಇವಳೇ. ಅದೇ, ಅದೇ ಸಹಿಸಲಾಗದು. ಸಂಜೆ ಬಂದರೆ ಮಗಳು ಆಗಲೇ ಮನೆಯಲ್ಲಿದ್ದಳು, ಸ್ವೆಟರ್ ಒಗೆದು ಹಗ್ಗಕ್ಕೆ ಹಾಕಿದ್ದಳು, ಯಾಕೇ ಬೇಗ ಬಂದೆ, ತಲೆನೋವು ಅಮ್ಮ, ಸರಿ ಅಂತ ಟೀಗೆ ಇಟ್ಟು, ಇಬ್ಬರೂ ನೆಲದ ಮೇಲೆ ಕೂತು ಬಟಾಣಿ ಬಿಡಿಸುತ್ತ, ಮಗಳ ಮುಖ ಸಪ್ಪಗಿದೆ, ನಗಿಸೋಣ ಅಂತಲೇ — ಇವತ್ತು ಬಸ್ಸಲ್ಲಿ ಏನಾಯ್ತು ಗೊತ್ತಾ, ಒಬ್ಳು ಹುಡುಗಿ ರಾದ್ಧಾಂತ ಮಾಡ್ಬಿಟ್ಲು ನೋಡು, ಅಂತ ಶುರು ಮಾಡಿದಳು, ಕಂಡಕ್ಟರಿನ ಹಾಗೆ, ಲಾರಿಯ ಹಾರ್ನಿನ ಹಾಗೆ, ದನಿ ತೆಳ್ಳಗೆ ಮಾಡಿಕೊಂಡು ಕೈ ತೆಗೀರಿ ಕೈ ತೆಗೀರಿ ಅಂತ ಅಣಕಿಸಿ ಕೂಡ ತೋರಿಸಿದಳು, ಮಗಳು ಬಟಾಣಿ ಬಿಡಿಸುತ್ತಲೇ ಇದ್ದಳು, ಒಂದು ಸಿಪ್ಪೆಯಲ್ಲಿ ಬಟಾಣಿ ಮುಗಿದರೂ ಅದೇ ಸಿಪ್ಪೆಯ ಒಳಗೆ ಬೆರಳಾಡಿಸುತ್ತಲೇ ಇದ್ದಳು, ಆಮೇಲೆ ಇವಳು ಹೇಳಿದಳು, ಮೊದ್ಲೇ ಸ್ವಲ್ಪ ಸರಿದು ನಿಂತಿದ್ರೆ ಇಷ್ಟೆಲ್ಲ ಆಗ್ತಿತ್ತಾ. ಮಗಳು ತಲೆಯೆತ್ತಲಿಲ್ಲ. ಸರಿದಿದ್ದೆ ಅಮ್ಮ, ಅಂದಳು. ಮೂರು ಸಲ ಸರಿದೆ. ಆಮೇಲೆ ಸರಿಯೋಕೆ ಜಾಗ ಇರ್ಲಿಲ್ಲ. ಇವಳಿಗೆ ಅರ್ಥವಾಗಲು ಎಷ್ಟು ಹೊತ್ತು ಹಿಡಿಯಿತು, ಒಲೆಯ ಮೇಲಿನ ಟೀ ಉಕ್ಕಿ ಸುಟ್ಟ ವಾಸನೆ ಬಂತು, ಯಾರೂ ಏಳಲಿಲ್ಲ. ನಿನ್ನ ದನಿ ಕೇಳಿಸ್ತು ಅಮ್ಮ, ಅಂದಳು, ಮೆಲ್ಲಗೆ, ಪಕ್ಕದ ಮನೆಗೆ ಕೇಳಿಸದಷ್ಟು ಮೆಲ್ಲಗೆ, ಕೇಳಿಸಿದ ತಕ್ಷಣ ಜೀವ ಬಂದಂಗಾಯ್ತು, ಅಮ್ಮ ಇದಾಳೆ ಅಂತ, ಇಲ್ಲೇ ಹಿಂದೆ ಇದಾಳೆ ಅಂತ. ಆಮೇಲೆ ನೀನು ಏನಂದೆ ಅನ್ನೋದು ಕೇಳಿಸ್ತು. ಬೈಯಲಿಲ್ಲ. ಬೈದಿದ್ದರೆ, ಬಟಾಣಿಯ ತಟ್ಟೆ ಎತ್ತಿ ಎಸೆದಿದ್ದರೆ. ನೀನು ಅಂತ ಗೊತ್ತಿರ್ಲಿಲ್ಲ ಪುಟ್ಟಿ, ನೀನು ಅಂತ ಗೊತ್ತಿದ್ರೆ ನಾನು — ಅಂದಳು ಇವಳು, ಅಂದವಳೇ ನಿಲ್ಲಿಸಿದಳು, ಮಗಳು ಆಗ ತಲೆಯೆತ್ತಿ ನೋಡಿದ ನೋಟಕ್ಕೆ ನಿಲ್ಲಿಸಿದಳು, ಆ ನೋಟ ಕೇಳುತ್ತಿತ್ತು, ಬೇರೆಯವರಾಗಿದ್ದರೆ ಸರಿಯಾ ಅಮ್ಮ.

ಸೇತುವೆ ಬಂತು, ಕೆಳಗೆ ರೈಲು ಹಳಿ, ಬಿಸಿಲು ಕಿಟಕಿಯಿಂದ ಓರೆಯಾಗಿ ಬಿದ್ದು ಎಲ್ಲರ ಮುಖವೂ ಅರ್ಧರ್ಧ. ಮಗಳು ಆಮೇಲೆ ಲ್ಯಾಬಿಗೆ ಹೋಗಲಿಲ್ಲ. ಮೊದಲ ವಾರ ಜ್ವರ ಅಂದಳು, ಎರಡನೇ ವಾರ ಬಸ್‌ಸ್ಟಾಪಿನವರೆಗೆ ಹೋಗಿ ವಾಪಸ್ಸು ಬಂದಳು, ಇವಳು ಜತೆಗೇ ಬರ್ತೀನಿ ಅಂದಳು, ಮಗಳು ಬೇಡ ಅಂದಳು, ನಡೆದು ಹೋಗುವಷ್ಟು ಹತ್ತಿರವಲ್ಲ, ಆಟೋ ಎಷ್ಟು ದಿನ, ಇನ್ನು ಮೂರು ತಿಂಗಳು ಕಳೆದಿದ್ದರೆ ಸರ್ಟಿಫಿಕೇಟು ಕೈಗೆ ಬರುತ್ತಿತ್ತು, ಲ್ಯಾಬಿನ ದೊಡ್ಡಮೇಡಂ ಎರಡು ಸಲ ಫೋನು ಮಾಡಿ, ಒಳ್ಳೇ ಕೈ ಇತ್ತು ಕಣ್ರೀ ನಿಮ್ಮ ಮಗಳದ್ದು, ಸೂಜಿ ಚುಚ್ಚಿದ್ದೇ ಗೊತ್ತಾಗ್ತಿರ್ಲಿಲ್ಲ ಯಾರಿಗೂ ಅಂದರು, ಇತ್ತು ಅಂದರು, ಹೋದವರ ಬಗ್ಗೆ ಅನ್ನುವ ಹಾಗೆ, ಕಳೆದ ಸೋಮವಾರ ಹೆಸರು ತೆಗೆದರು. ಒಳ್ಳೆಯ ಕೈ ಅನ್ನುವುದು ಇವಳಿಗಿಂತ ಯಾರಿಗೆ ಗೊತ್ತು, ಕಲಿಯುವಾಗ ಮೊದಲು ಚುಚ್ಚಿದ್ದೇ ಇವಳ ತೋಳಿಗೆ, ಅಡುಗೆಮನೆಯ ದೀಪದ ಕೆಳಗೆ ತೋಳು ಚಾಚಿಸಿ, ನರ ಹುಡುಕುತ್ತ, ನಿನ್ನ ನರ ಎಲ್ಲಿ ಬಚ್ಚಿಟ್ಕೊಂಡಿದೆ ಅಮ್ಮ, ಅದೂ ನಿನ್ನ ಥರ ಹೆದರುಪುಕ್ಕಲು ಅಂತ ನಗುತ್ತ, ಬೆರಳು ತಣ್ಣಗೆ, ಹಗುರ, ಮೊಣಕೈಯ ಒಳಗೆ ಎರಡು ಸಲ ತಟ್ಟಿ. ಈಗ ಮನೆ ಕೆಳಗಿನ ಜೆರಾಕ್ಸ್ ಅಂಗಡಿಯಲ್ಲಿ ನಿಲ್ಲುತ್ತಾಳೆ. ಯಾರಾದರೂ ಕಾಗದ ಕೊಟ್ಟರೆ ಗಾಜಿನ ಮೇಲೆ ಬೋರಲು ಹಾಕಿ ಗುಂಡಿ ಒತ್ತುತ್ತಾಳೆ. ಊಟ ಮಾಡುತ್ತಾಳೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ, ರಾತ್ರಿ ಗೋಡೆ ಕಡೆ ತಿರುಗಿ ಮಲಗುತ್ತಾಳೆ, ಐದು ವಾರದಿಂದ ಇವಳನ್ನು ಮುಟ್ಟಿಲ್ಲ, ತಟ್ಟೆ ಕೊಡುವಾಗಲೂ ನೆಲದ ಮೇಲಿಡುತ್ತಾಳೆ, ಜಗಳವಿಲ್ಲ, ಮುನಿಸಿಲ್ಲ, ಮನೆಯೊಳಗೇ ಸರಿದು ನಿಂತಿದ್ದಾಳೆ, ಸ್ವಲ್ಪ ಸ್ವಲ್ಪವೇ.

ಎರಡು ಸೀಟಿನಾಚೆ ಸ್ಕೂಲ್ ಯೂನಿಫಾರಂ, ನೀಲಿ, ಹದಿನಾಲ್ಕೋ ಹದಿನೈದೋ, ಎರಡು ಜಡೆ, ಎದೆಗೆ ಅವುಚಿದ ಚೀಲ — ಇವಳು ಆ ಹುಡುಗಿಯನ್ನು ನೋಡಿದ್ದು ನೋಡಬೇಕೆಂದಲ್ಲ, ಕಣ್ಣು ಹಾದುಹೋಗಿತ್ತು, ಮತ್ತೆ ವಾಪಸ್ಸು ಬಂತು. ಹುಡುಗಿ ಎಡಕ್ಕೆ ಸರಿದಳು. ಜನ ದೂಡಿದರೇನೋ. ಮಗುವಿನ ಫೋಟೋ ನೋಡುತ್ತಿದ್ದವನು ಅವಳ ಬೆನ್ನ ಹಿಂದೆಯೇ ಇದ್ದ, ಫೋನು ಜೇಬಿಗಿಟ್ಟಿದ್ದ, ಮುಖ ಕಿಟಕಿಯ ಹೊರಗೆ, ಸೇತುವೆಯ ಮೇಲೆ ಹಾರುವ ಹಕ್ಕಿ ನೋಡುವವನ ಹಾಗೆ, ಹುಡುಗಿ ಮತ್ತೆ ಸರಿದಳು, ಕಂಬಕ್ಕೆ ಒತ್ತಿಕೊಂಡಳು, ತುಟಿ ಒಳಗೆಳೆದುಕೊಂಡಳು, ಕಣ್ಣು ಯಾರನ್ನೂ ನೋಡುತ್ತಿಲ್ಲ, ಬಸ್ಸಿನ ಛಾವಣಿಯಲ್ಲಿ ಬರೆದ ಅಕ್ಷರಗಳನ್ನು ಓದುತ್ತಿದೆ, ಓದುತ್ತಲೇ ಮೂರನೇ ಸಲ — ಜಾಗವಿಲ್ಲ, ಭುಜವನ್ನಷ್ಟೇ ತಿರುಗಿಸಿದಳು. ಇವಳಿಗೆ ತಾನು ಯಾವಾಗ ನುಗ್ಗಿದ್ದು ಗೊತ್ತಿಲ್ಲ, ಯಾರದೋ ಕಾಲು ತುಳಿದದ್ದು, ಯಾರೋ ಏಯ್ ಅಂದದ್ದು, ಅವನ ಮಣಿಕಟ್ಟು ತನ್ನ ಗೋಂದಿನ ಬೆರಳುಗಳೊಳಗೆ ಇದ್ದದ್ದು, ಬೆಚ್ಚಗಿತ್ತು, ವಾಚು ಕಟ್ಟಿತ್ತು, ಕೈ ತೆಗಿಯೋ, ಅಂದಳು, ತೆಗಿಯೋ ಕೈನ, ಗಾಡಿ ನಿಲ್ಸಿ, ನಿಲ್ಸಿ ಗಾಡೀನ! ಶೆಡ್ಡಿನ ಗಂಟಲು ಪೂರ್ತಿ ತೆರೆದುಕೊಂಡಿತು. ಬಸ್ಸು ಗಕ್ಕನೆ ನಿಂತಿತು. ಏನಮ್ಮಾ ಇದು, ಹುಚ್ಚಾ ನಿಮ್ಗೆ, ರಶ್ಶಲ್ಲಿ ತಾಗುತ್ತೆ ಅಂದ ಅವನು, ಮೆಲ್ಲಗೆ, ಸಭ್ಯವಾಗಿ, ಕಿವಿಯ ತುದಿ ಮಾತ್ರ ಕೆಂಪಗೆ. ಕಂಡಕ್ಟರು ಬಂದ, ಇವಳನ್ನು ನೋಡಿದ, ಅವನನ್ನು ನೋಡಿದ, ಕೈಗಡಿಯಾರ ನೋಡಿದ. ಸ್ಟೇಷನ್‌ಗೆ ತಗೊಳ್ಳಿ ಗಾಡೀನ ಅಂದಳು ಇವಳು. ಹಿಂದಿನಿಂದ, ಹಿಂಬಾಗಿಲಿನ ಮೂಲೆಯಿಂದ, ಹೆಂಗಸಿನ ದನಿ, ಅಯ್ಯೋ ಹೋಗ್ಲಿ ಬಿಡ್ರೀ ಅಕ್ಕಾ, ಮಗೂನ ಈಚೆ ಕರ್ಕೊಳ್ಳಿ ಸಾಕು, ಎಲ್ರಿಗೂ ಟೈಮಾಗ್ತಿದೆ. ದಣಿದ ದನಿ, ಕೆಟ್ಟ ದನಿಯಲ್ಲ. ಅದಕ್ಕೆ ಏನು ಹೇಳಬೇಕು, ತಿರುಗಿ ನೋಡಲೂ ಹೆದರಿಕೆಯಾಯಿತು, ನೋಡಿದರೆ ಅಲ್ಲಿ ತಾನೇ ನಿಂತಿರುತ್ತೇನೆ ಅನ್ನಿಸಿತು, ಬೆರಳು ಒಂದೇ ಒಂದು ಗಳಿಗೆ ಸಡಿಲಾಯಿತು, ಅಷ್ಟು ಸಾಕಾಗಿತ್ತು ಅವನಿಗೆ, ಮುಂಬಾಗಿಲಿನ ಮೆಟ್ಟಿಲಿಳಿದು, ಡಬ್ಬಿಚೀಲ ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡು, ಓಡಲೂ ಇಲ್ಲ, ಸಾಲಾಗಿ ನಿಂತ ವಾಹನಗಳ ನಡುವೆ ದಾರಿ ಮಾಡಿಕೊಂಡು ನಡೆದುಹೋದ. ಮಗಳು ಕಂಡಿದ್ದು ಇವನನ್ನೇ ಇರಬಹುದು. ಇಲ್ಲದೆಯೂ ಇರಬಹುದು.

ಸೇತುವೆ ಇಳಿದ ಮೇಲಿನ ಸ್ಟಾಪಿನಲ್ಲಿ ಇಬ್ಬರೂ ಇಳಿದರು, ಹುಡುಗಿಗೆ ಬಸ್ಸಿನಲ್ಲಿ ನಿಲ್ಲುವ ಹಾಗಿರಲಿಲ್ಲ, ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಸ್ಟಾಪಿನಲ್ಲಿ ಕಲ್ಲುಬೆಂಚು, ಮುರಿದ ಛಾವಣಿ, ಬೆಂಚಿನ ಮೇಲೆ ಯಾರೋ ಬಿಟ್ಟುಹೋದ ನಿನ್ನೆಯ ಪೇಪರು, ಕೂತ್ಕೋಮ್ಮ, ನೀರಿದ್ಯಾ, ಕುಡಿ — ಅಂದವಳೇ ನೀರು ಅನ್ನುವ ಮಾತಿಗೆ ತಾನೇ ಬೆಚ್ಚಿದಳು, ಏನಾಯಿತು ಅಂತ ಕೇಳಬೇಕು, ಕೇಳಲೇಬೇಕು, ನೀರು ಕೊಟ್ಟು ಮುಗಿಸಬಾರದು, ಏನಾಯ್ತು ಪುಟ್ಟಾ, ನನ್ಹತ್ರ ಹೇಳು, ನಿಂದೇನೂ ತಪ್ಪಿಲ್ಲ, ಅಂದಳು, ಯಾರಿಗೆ ಹೇಳಬೇಕಾದ ಮಾತು ಯಾರ ಮುಂದೆ ಬಾಯಿಂದ ಬಂತು. ಹುಡುಗಿ ಬಾಟಲಿ ತೆರೆಯಲು ಹೋಗಿ ತೆರೆಯಲಾಗದೆ ಮಡಿಲಲ್ಲಿಟ್ಟುಕೊಂಡಿತು. ಎಂಟು ಇಪ್ಪತ್ತೇಳು, ಇಪ್ಪತ್ತೆಂಟು, ಇರಲಿ, ಕೆಂಪಾಗಲಿ. ಅಮ್ಮನ ನಂಬರ್ ಹೇಳು, ಫೋನ್ ಮಾಡ್ತೀನಿ, ಬರ್ತಾರೆ, ಅಂತ ಫೋನು ತೆಗೆದಳು. ಆಗ ಹುಡುಗಿ ಇವಳ ತೋಳನ್ನು ಹಿಡಿಯಿತು, ಸ್ವೆಟರಿನ ತೋಳನ್ನು, ಮೊಣಕೈಯ ಹತ್ತಿರ, ಐದೂ ಬೆರಳು ಸೇರಿಸಿ, ಬೆರಳಿನಲ್ಲಿ ಇಂಕಿನ ಕಲೆ, ಬೇಡ ಆಂಟಿ, ಅಮ್ಮಂಗೆ ಹೇಳ್ಬೇಡಿ. ಯಾಕಮ್ಮ? ನೀನ್ಯಾಕೆ ಸರಿದು ನಿಂತ್ಕೊಳ್ಲಿಲ್ಲ ಅಂತಾಳೆ ಅಮ್ಮ. ಫೋನು ಕೈಯಲ್ಲೇ ಉಳಿಯಿತು. ಒಂದು ಬಸ್ಸು ಬಂತು, ನಿಂತಿತು, ಹೋಯಿತು. ಹೇಳ್ಬೇಡಿ ಆಂಟಿ. ಇಲ್ಲ, ಅನ್ನಬೇಕೇ, ಹೇಳುತ್ತೇನೆ ಅನ್ನಬೇಕೇ, ಆ ಅಮ್ಮ ಇವತ್ತು ಯಾವ ಬಸ್ಸಿನಲ್ಲಿ ಯಾವ ಗಡಿಯಾರ ನೋಡುತ್ತ ನಿಂತಿದ್ದಾಳೋ, ಅವಳಿಗೆ ಏನಂತ ಹೇಳಬೇಕು, ಮನೆಗೆ ಹೋಗಿ ಜೆರಾಕ್ಸ್ ಅಂಗಡಿಯ ಮುಂದೆ ನಿಂತು ಏನಂತ — ಬೆರಳುಗಳು ಸ್ವೆಟರಿನ ಉಣ್ಣೆಯನ್ನು ಮುದ್ದೆ ಮಾಡಿ ಹಿಡಿದಿವೆ, ಉಗುರಿನ ತುದಿ ಬೆಳ್ಳಗಾಗಿದೆ, ಸಣ್ಣ ಬೆರಳು, ಐದು ಬೆರಳು, ಇನ್ನೊಂದು ಬಸ್ಸು ಬಂತು, ಹೋಗೋಣ್ವಾ ಅಂದಳು, ಹುಡುಗಿ ತಲೆಯಾಡಿಸಿತು, ಬೇಡ ಅಂತಲೋ ಸರಿ ಅಂತಲೋ, ಬೆರಳು ಬಿಡಲಿಲ್ಲ, ಬಸ್ಸು ಹೋಯಿತು, ತೋಳಿನ ಮೇಲೆ ಐದು ಬೆರಳು, ಬಿಸಿಲು ಬೆಂಚಿನ ಈ ತುದಿಗೆ ಬಂತು, ಐದು ಬೆರಳು, ಬಿಗಿಯಾಗಿ, ಬೇರೆ ಯಾರದೋ ಮಗಳ ಐದು ಬೆರಳು.